‘ಸ್ಪಾಸ್ಟಿಕ್’: ಸ್ನಾಯುವಿಗೆ ಇಟ್ಟ ಹೆಸರು ಬೈಗುಳವಾದ ಬಗೆ

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ದಿನ ತುಂಬುವ ಮೊದಲೇ ಹುಟ್ಟಿದವನು, ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗೆ ಬಿದ್ದ ಪೆಟ್ಟಿನಿಂದ ಚಲನೆಗೆ ತೊಡಕಾಗುವ ಸ್ಥಿತಿ) ಇದೆ. ಆಸ್ಪತ್ರೆಯ ಫೈಲಿನಲ್ಲಿ ‘ಸ್ಪಾಸ್ಟಿಕ್ ಡೈಪ್ಲೀಜಿಯಾ’ ಎಂದು ಬರೆದಿದ್ದಾರೆ. ಮೊನ್ನೆ ಅವನು ಮೊದಲ ಸಲ ವಾಕರ್ ಬಿಟ್ಟು ನಾಲ್ಕು ಹೆಜ್ಜೆ ಇಟ್ಟ ವಿಡಿಯೊವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ‘ನಮ್ಮ ಸ್ಪಾಸ್ಟಿಕ್ ಮಗು ನಡೆಯಿತು’ ಎಂದು ಬರೆದೆ. ಇಂಗ್ಲೆಂಡಿನಲ್ಲಿರುವ ನನ್ನ ಅಣ್ಣ ಕೂಡಲೇ ಫೋನ್ ಮಾಡಿ, ‘ಆ ಪದ ಅಳಿಸು, ಇಲ್ಲಿ ಅದು ಕೆಟ್ಟ ಬೈಗುಳ’ ಎಂದ. ವೈದ್ಯರು ಬರೆಯುವ ಪದ, ಬೆಂಗಳೂರಿನ ಸಂಸ್ಥೆಯ ಬೋರ್ಡಿನ ಮೇಲೂ ಇರುವ ಪದ ಬೈಗುಳ ಹೇಗಾಗುತ್ತದೆ? ಅದರ ನಿಜವಾದ ಅರ್ಥವೇನು? ಕನ್ನಡದಲ್ಲಿ ಏನು ಹೇಳಬೇಕು? ಶಾಲೆಯವರು ಕೊಟ್ಟ ಫಾರಂನಲ್ಲಿ ಏನು ಬರೆಯಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಅಣ್ಣ ಹೇಳಿದ್ದೂ ನಿಜ, ವೈದ್ಯರು ಬರೆದದ್ದೂ ಸರಿ. ಇಬ್ಬರೂ ಒಂದೇ ಪದವನ್ನು ಕುರಿತು ಮಾತನಾಡುತ್ತಿದ್ದರೂ ಅದು ಅಂಟಿಕೊಂಡಿರುವ ಜಾಗ ಬೇರೆ ಬೇರೆ: ವೈದ್ಯರ ಫೈಲಿನಲ್ಲಿ ಅದು ನಿಮ್ಮ ಮಗನ ಕಾಲಿನ ಸ್ನಾಯುಗಳಿಗೆ ಅಂಟಿದೆ, ನಿಮ್ಮ ವಾಟ್ಸಾಪ್ ಸಂದೇಶದಲ್ಲಿ ಮಗನಿಗೇ ಅಂಟಿತು. ನೀವು ಸಂತೋಷದಿಂದ ಬರೆದಿರಿ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ವಾಕರ್ ಬಿಟ್ಟು ಇಟ್ಟ ಆ ನಾಲ್ಕು ಹೆಜ್ಜೆಗಳ ಹಿಂದೆ ಎಷ್ಟು ವರ್ಷಗಳ ದುಡಿಮೆ ಇರುತ್ತದೆ ಎಂಬುದನ್ನು 26 ವರ್ಷಗಳಿಂದ ಇಂಥ ಮಕ್ಕಳಿಗೆ ಫಿಸಿಯೋಥೆರಪಿ ಮಾಡಿಸುತ್ತಿರುವ ನಾನು ಬಲ್ಲೆ. ಆದರೂ ಸ್ನಾಯುವಿನಿಂದ ಮನುಷ್ಯನ ಕಡೆಗೆ ಆ ಪದ ಸರಿದ ಕತೆ ನೋವಿನ ಕತೆಯಾಗಿರುವುದರಿಂದ, ಅದನ್ನು ನಿಮಗೆ ಸ್ವಲ್ಪ ವಿವರವಾಗಿಯೇ ಹೇಳಬೇಕೆಂದುಕೊಂಡಿದ್ದೇನೆ.

ಗ್ರೀಕ್ ಭಾಷೆಯಲ್ಲಿ ‘ಸ್ಪಾಓ’ ಎಂದರೆ ಎಳೆ, ಸೆಳೆ ಎಂದರ್ಥ. ಅದರಿಂದ ಸೆಳೆತ ಎಂಬರ್ಥದ ‘ಸ್ಪಾಸ್ಮೋಸ್’, ಸೆಳೆಯುವಂಥದ್ದು ಎಂಬರ್ಥದ ‘ಸ್ಪಾಸ್ಟಿಕೋಸ್’ ಎಂಬ ರೂಪಗಳು ಬಂದವು. ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಸೇರಿದ ಅವು 18ನೇ ಶತಮಾನದ ವೈದ್ಯರ ಬರಹಗಳಲ್ಲಿ ‘ಸ್ಪಾಸಂ’, ‘ಸ್ಪಾಸ್ಟಿಕ್’ ಎಂದು ಬಳಕೆಯಲ್ಲಿದ್ದವು. ಕನ್ನಡವೂ ಇದೇ ದಾರಿಯಲ್ಲಿ ಯೋಚಿಸುತ್ತದೆ: ರಾತ್ರಿ ನಿದ್ದೆಯಲ್ಲಿ ಮೀನಖಂಡ ಹಿಡಿದುಕೊಂಡರೆ ‘ಕಾಲು ಸೆಳೆಯುತ್ತಿದೆ’ ಎನ್ನುತ್ತೇವೆ, ಚಳಿಗೆ ಕೈಕಾಲು ಸೆಡೆತುಕೊಂಡಿತು ಎನ್ನುತ್ತೇವೆ. ಹೀಗೆ ಬೇರಿನಲ್ಲಿ ಈ ಪದಕ್ಕೆ ಯಾವ ಕೆಡುಕೂ ಇಲ್ಲ. ಬುದ್ಧಿಯ ಬಗ್ಗೆ, ಯೋಗ್ಯತೆಯ ಬಗ್ಗೆ, ಮನುಷ್ಯನ ಬೆಲೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ವೈದ್ಯಕೀಯದಲ್ಲಿ ಅದು ಹೇಳುವುದೇನು ಎಂಬುದನ್ನು ನೀವು ನಿಮ್ಮ ಕೈಯಲ್ಲೇ ಅರಿಯಬಹುದು, ಬಹುಶಃ ಈಗಾಗಲೇ ಅರಿತಿರುತ್ತೀರಿ. ಮಗನನ್ನು ಮಲಗಿಸಿ, ಮಂಡಿಯನ್ನು ನೇರ ಮಾಡಿ, ಪಾದವನ್ನು ಹಿಡಿದು ನಿಧಾನವಾಗಿ ಮೇಲಕ್ಕೆ ಒತ್ತಿದರೆ ಅದು ತಕ್ಕಮಟ್ಟಿಗೆ ಬರುತ್ತದೆ. ಅದೇ ಪಾದವನ್ನು ಬೇಗನೆ ಒತ್ತಿದರೆ ನಡುವೆ ಒಂದು ಕಡೆ ಗಕ್ಕನೆ ಹಿಡಿದುಕೊಳ್ಳುತ್ತದೆ. ಕಾರಿನ ಸೀಟ್ ಬೆಲ್ಟನ್ನು ಮೆಲ್ಲಗೆ ಎಳೆದರೆ ಬಂದು, ಜಗ್ಗಿ ಎಳೆದರೆ ನಿಂತುಬಿಡುವ ಹಾಗೆ. ವೇಗ ಹೆಚ್ಚಿದಷ್ಟೂ ಬಿಗಿತ ಹೆಚ್ಚುವ ಈ ಗುಣವನ್ನೇ ಸ್ಪಾಸ್ಟಿಸಿಟಿ ಎನ್ನುತ್ತಾರೆ, ಆಸ್ಟ್ರೇಲಿಯಾದ ನರರೋಗ ತಜ್ಞ ಜೇಮ್ಸ್ ಲಾನ್ಸ್ 1980ರಲ್ಲಿ ಕೊಟ್ಟ ವ್ಯಾಖ್ಯೆಯೂ ಇದನ್ನೇ ಹೇಳುತ್ತದೆ. ಎಳೆತಕ್ಕೆ ಒಳಗಾದ ಸ್ನಾಯು ತಾನಾಗಿ ಬಿಗಿಯುವುದು ಎಲ್ಲರಲ್ಲೂ ಇರುವ ಪ್ರತಿವರ್ತನೆ; ಮಿದುಳಿನಿಂದ ಇಳಿದು ಬರುವ ಸಂದೇಶಗಳು ಅದನ್ನು ಹದದಲ್ಲಿ ಇಡುತ್ತವೆ. ಆ ಸಂದೇಶದ ದಾರಿಗೆ ಪೆಟ್ಟು ಬಿದ್ದಾಗ ಕಡಿವಾಣ ತಪ್ಪಿ ಸ್ನಾಯು ಬಿಗಿದೇ ಇರುತ್ತದೆ. ದಿನ ತುಂಬುವ ಮೊದಲೇ ಹುಟ್ಟುವ ಮಕ್ಕಳಲ್ಲಿ ಈ ಪೆಟ್ಟು ಸಾಮಾನ್ಯವಾಗಿ ಮಿದುಳಿನೊಳಗಿನ ದ್ರವಕೋಶಗಳ ಅಕ್ಕಪಕ್ಕದ ಬಿಳಿ ಭಾಗಕ್ಕೆ ಬೀಳುತ್ತದೆ. ಕಾಲುಗಳ ಕಡೆಗೆ ಹೋಗುವ ನರತಂತುಗಳು ಆ ಕೋಶಗಳಿಗೆ ತೀರ ಹತ್ತಿರದಲ್ಲೇ ಹಾದುಹೋಗುವುದರಿಂದ ಕೈಗಳಿಗಿಂತ ಕಾಲುಗಳಲ್ಲಿ ಬಿಗಿತ ಹೆಚ್ಚು. ನಿಮ್ಮ ಫೈಲಿನಲ್ಲಿರುವ ‘ಸ್ಪಾಸ್ಟಿಕ್ ಡೈಪ್ಲೀಜಿಯಾ’ ಎಂಬ ಎರಡು ಪದಗಳ ಪೂರ್ತಿ ಅರ್ಥ ಇಷ್ಟೇ: ಮೈಯ ಎರಡೂ ಬದಿಯಲ್ಲಿ, ಮುಖ್ಯವಾಗಿ ಕಾಲುಗಳಲ್ಲಿ, ಬಿಗಿತ. ಹಿಮ್ಮಡಿ ನೆಲಕ್ಕೆ ತಾಗದೆ ಅವನು ಬೆರಳ ತುದಿಯಲ್ಲಿ ನಡೆಯುವುದು, ಮಂಡಿಗಳು ಒಂದಕ್ಕೊಂದು ತಾಗುವುದು, ಪಾದ ನೇರ ನಿಲ್ಲಲು ನೀವು ದಿನವೂ ಸ್ಪ್ಲಿಂಟ್ ಎಂಬ ಆಸರೆಪಟ್ಟಿ ಕಟ್ಟುವುದು, ಎಲ್ಲವೂ ಇದರ ಫಲ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಈ ಬಿಗಿತ ಗಾಬರಿಗೆ, ಸಿಟ್ಟಿಗೆ, ಅವಮಾನಕ್ಕೆ ಹೆಚ್ಚುತ್ತದೆ. ಒಮ್ಮೆ ಒಂದು ಶಾಲೆಗೆ ಹೋಗಿದ್ದಾಗ ನಾನು ಕಣ್ಣಾರೆ ಕಂಡದ್ದಿದು. ಊಟದ ಹೊತ್ತಿನಲ್ಲಿ ಹತ್ತು ವರ್ಷದ ಹುಡುಗನೊಬ್ಬ ಸ್ಟೀಲಿನ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಎಚ್ಚರದಿಂದ ಬಾಯಿಗೆ ತರುತ್ತಿದ್ದ. ಎದುರಿಗಿದ್ದ ಹುಡುಗರು ಅವನ ಹಾಗೆಯೇ ಮಣಿಕಟ್ಟು ಮಡಚಿ, ಬಾಯಿ ಸೊಟ್ಟ ಮಾಡಿ ತೋರಿಸಿದರು. ಅವನು ಅತ್ತ ನೋಡಿದ್ದೇ ತಡ, ಮೊಣಕೈಗಳು ಎದೆಗೆ ಸೆಳೆದುಕೊಂಡವು, ಲೋಟ ಬಿತ್ತು, ಅಂಗಿಯೆಲ್ಲ ಒದ್ದೆಯಾಯಿತು, ನಗು ಇನ್ನೂ ಹೆಚ್ಚಿತು. ಯಾವುದನ್ನು ಕಂಡು ಅವರು ನಕ್ಕರೋ ಆ ನಗುವೇ ಅದನ್ನು ಹೆಚ್ಚಿಸಿತು. ಈ ಪದ ಬೈಗುಳವಾದಾಗ ಮಕ್ಕಳ ಮೈಮೇಲೆ ಏನು ನಡೆಯುತ್ತಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಆ ಲೋಟವೇ ನೆನಪಿಗೆ ಬರುತ್ತದೆ.

ಈಗ ಇತಿಹಾಸ. ಮಕ್ಕಳ ಈ ಬಿಗಿತವನ್ನು ಹೆರಿಗೆಯ ತೊಡಕುಗಳೊಂದಿಗೆ ಜೋಡಿಸಿ ವಿಸ್ತಾರವಾಗಿ ವಿವರಿಸಿದವರಲ್ಲಿ ಮೊದಲಿಗರು ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟಲ್. ಬಾಲ್ಯದ ಕಾಯಿಲೆಯಿಂದ ಅವರ ಪಾದವೇ ತಿರುಚಿಕೊಂಡಿತ್ತು. ಅದನ್ನು ಸರಿಪಡಿಸಿಕೊಳ್ಳಲು ಅವರು ಜರ್ಮನಿಗೆ ಹೋಗಿ, 1836ರಲ್ಲಿ ಸ್ಟ್ರೋಮೆಯರ್ ಎಂಬ ವೈದ್ಯರಿಂದ ಸ್ನಾಯುರಜ್ಜುವಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆ ವಿದ್ಯೆಯನ್ನು ತಾವೂ ಕಲಿತು ಇಂಗ್ಲೆಂಡಿಗೆ ತಂದರು. 1861ರಲ್ಲಿ ಲಂಡನ್ನಿನ ಪ್ರಸೂತಿ ತಜ್ಞರ ಸಂಘದ ಮುಂದೆ ಅವರು ಓದಿದ ಪ್ರಬಂಧದ ಬಳಿಕ ಈ ಸ್ಥಿತಿಯನ್ನು ಬಹುಕಾಲ ‘ಲಿಟಲ್ ಕಾಯಿಲೆ’ ಎಂದೇ ಕರೆಯುತ್ತಿದ್ದರು. ‘ಸೆರೆಬ್ರಲ್ ಪಾಲ್ಸಿ’ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ವಿಲಿಯಂ ಆಸ್ಲರ್ ಮುಖ್ಯರು. ಅವರ ಪುಸ್ತಕ ಬಂದದ್ದು 1889ರಲ್ಲಿ. ಮನೋವಿಶ್ಲೇಷಣೆಯಿಂದ ಹೆಸರಾಗುವ ಮೊದಲು ನರರೋಗಗಳ ವೈದ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ಈ ವಿಷಯದ ಮೇಲೆ ದೊಡ್ಡ ಗ್ರಂಥ ಬರೆದು, ಕಷ್ಟದ ಹೆರಿಗೆಯೇ ಕಾರಣವಲ್ಲದಿರಬಹುದು, ಗರ್ಭದಲ್ಲೇ ಆದ ತೊಂದರೆಯ ಒಂದು ಲಕ್ಷಣ ಅದಾಗಿರಬಹುದು ಎಂದು ಲಿಟಲ್ ಅವರ ವಾದವನ್ನು ಪ್ರಶ್ನಿಸಿದರು. ಇವರೆಲ್ಲರ ಬರಹಗಳಲ್ಲಿ ‘ಸ್ಪಾಸ್ಟಿಕ್’ ಎಂಬುದು ವಿಶೇಷಣ: ಸ್ಪಾಸ್ಟಿಕ್ ಸ್ನಾಯು, ಸ್ಪಾಸ್ಟಿಕ್ ನಡಿಗೆ, ಸ್ಪಾಸ್ಟಿಕ್ ಕೈ.

ಕಾಲಕ್ರಮದಲ್ಲಿ ಆ ವಿಶೇಷಣ ನಾಮಪದವಾಯಿತು. ಇಂಗ್ಲಿಷಿನಲ್ಲಿ ‘ಸ್ಪಾಸ್ಟಿಕ್ ಕೈ ಇರುವ ಮಗು’ ಹೋಗಿ ‘ಒಬ್ಬ ಸ್ಪಾಸ್ಟಿಕ್’ ಬಂತು, ಬಹುವಚನದಲ್ಲಿ ‘ಸ್ಪಾಸ್ಟಿಕ್ಸ್’ ಬಂತು. ಹೀಗೆ ಮಾಡಿದವರು ಆ ಮಕ್ಕಳನ್ನು ಹಳಿಯಲು ಹೊರಟವರಲ್ಲ, ಅವರನ್ನು ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದವರು. ಎರಡನೇ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ಇಂಥ ಎಷ್ಟೋ ಮಕ್ಕಳನ್ನು ‘ಕಲಿಸಲು ಬಾರದವರು’ ಎಂದು ಶಾಲೆಗಳಿಂದ ಹೊರಗೇ ಇಟ್ಟಿದ್ದ ಕಾಲದಲ್ಲಿ ಕೆಲವು ತಂದೆತಾಯಿಯರೂ ಒಬ್ಬ ಸಮಾಜ ಸೇವಕಿಯೂ ಸೇರಿ 1952ರಲ್ಲಿ ನ್ಯಾಷನಲ್ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಕಟ್ಟಿದರು. ಅದು ಶಾಲೆಗಳನ್ನು, ವಸತಿಗಳನ್ನು, ದುಡಿಮೆಯ ಕೇಂದ್ರಗಳನ್ನು ತೆರೆಯಿತು. ಹಣ ಕೂಡಿಸಲು ಅಂಗಡಿಗಳ ಮುಂದೆ ಒಂದು ಗೊಂಬೆಯನ್ನು ನಿಲ್ಲಿಸುತ್ತಿದ್ದರು: ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ, ಕಂಕುಳಲ್ಲಿ ಟೆಡ್ಡಿ ಕರಡಿ ಇಟ್ಟುಕೊಂಡ, ಕಾಸಿನ ಡಬ್ಬಿ ಹಿಡಿದ ಒಬ್ಬ ಪುಟ್ಟ ಹುಡುಗಿ. 1960, 70ರ ದಶಕಗಳಲ್ಲಿ ಬೆಳೆದ ಬ್ರಿಟನ್ನಿನ ಮಕ್ಕಳಲ್ಲಿ ಬಹಳ ಮಂದಿ ಆ ಪದವನ್ನು ಮೊದಲು ಕಲಿತದ್ದು ಇಂಥ ಕಡೆ. ಕಾಸು ಹಾಕಿ ಮರುಕಪಡಬೇಕಾದ ಗೊಂಬೆಯೊಂದರ ಹೆಸರಾಗಿ ಅದು ಅವರ ಕಿವಿಗೆ ಬಿತ್ತು, ತಮ್ಮ ಪಕ್ಕದ ಬೆಂಚಿನಲ್ಲಿ ಕೂರುವ ಗೆಳೆಯನೊಬ್ಬನ ಕಾಲಿನ ಸ್ಥಿತಿಯಾಗಿ ಅಲ್ಲ. ಆ ಗೆಳೆಯ ಬೇರೆ ಶಾಲೆಯಲ್ಲಿದ್ದ. ಮನುಷ್ಯನೇ ಕಣ್ಣೆದುರು ಇಲ್ಲದಾಗ ಹೆಸರು ಮಾತ್ರ ಆಟದ ಮೈದಾನಕ್ಕೆ ಬರುತ್ತದೆ, ಚೆಂಡು ಹಿಡಿಯಲಾರದವನಿಗೆ, ಎಡವಿ ಬಿದ್ದವನಿಗೆ, ಲೆಕ್ಕ ತಪ್ಪಿದವನಿಗೆ ಅಂಟುತ್ತದೆ. ಅದನ್ನು ಮೊಟಕು ಮಾಡಿ ‘ಸ್ಪಾಝ್’, ‘ಸ್ಪಾಕರ್’ ಎಂದೂ ಕೂಗತೊಡಗಿದರು.

ಒಬ್ಬ ವ್ಯಕ್ತಿಯ ಬದುಕಿನಲ್ಲಿ ಇದು ಹೇಗೆ ನಡೆಯಿತು ಎಂಬುದಕ್ಕೆ ಜೋಯಿ ಡೀಕನ್ ಅವರಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. 1920ರಲ್ಲಿ ಹುಟ್ಟಿದ ಅವರಿಗೆ ತೀವ್ರವಾದ ಸೆರೆಬ್ರಲ್ ಪಾಲ್ಸಿ ಇತ್ತು. ಎಂಟನೆಯ ವಯಸ್ಸಿನಿಂದ ಬದುಕಿನ ಬಹುಪಾಲನ್ನು ಇಂಗ್ಲೆಂಡಿನ ಕೇಟರ್‌ಹ್ಯಾಮ್ ಎಂಬಲ್ಲಿನ ಆಸ್ಪತ್ರೆಯಲ್ಲೇ ಕಳೆದರು. ಅವರ ಮಾತು ಅಲ್ಲಿದ್ದವರಿಗೆ ಅರ್ಥವಾಗುತ್ತಿರಲಿಲ್ಲ. ಅದೇ ಆಸ್ಪತ್ರೆಯಲ್ಲಿ ವಾಸವಿದ್ದ ಎರ್ನಿ ರಾಬರ್ಟ್ಸ್ ಎಂಬ ಗೆಳೆಯನಿಗೆ ಅರ್ಥವಾಗುತ್ತಿತ್ತು. ಡೀಕನ್ ಹೇಳುವುದು, ರಾಬರ್ಟ್ಸ್ ಅದನ್ನು ಕೇಳಿ ಪುನಃ ಹೇಳುವುದು, ಮೂರನೆಯ ಗೆಳೆಯ ಮೈಕೆಲ್ ಸ್ಯಾಂಗ್‌ಸ್ಟರ್ ಬರೆದುಕೊಳ್ಳುವುದು, ನಾಲ್ಕನೆಯ ಗೆಳೆಯ ಟಾಮ್ ಬ್ಲ್ಯಾಕ್‌ಬರ್ನ್ ಟೈಪ್ ಮಾಡುವುದು: ಹೀಗೆ ನಾಲ್ವರು ಕೂಡಿ ದಿನಕ್ಕೆ ಕೆಲವೇ ಸಾಲುಗಳಂತೆ ಅವರ ಆತ್ಮಕತೆಯನ್ನು ಮುಗಿಸಿದರು, ಅದು 1974ರಲ್ಲಿ ಅಚ್ಚಾಯಿತು. 1981 ವಿಶ್ವಸಂಸ್ಥೆಯ ಅಂಗವಿಕಲರ ಅಂತರರಾಷ್ಟ್ರೀಯ ವರ್ಷವಾಗಿದ್ದರಿಂದ ಬಿಬಿಸಿಯ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮ ಅವರನ್ನು ಕರೆಸಿ ಅತ್ಯಂತ ಗೌರವದಿಂದ ತೋರಿಸಿತು. ಮಾರನೆಯ ದಿನದಿಂದ ಬ್ರಿಟನ್ನಿನ ಶಾಲೆಗಳ ಅಂಗಳದಲ್ಲಿ ‘ಜೋಯಿ’ ಎಂಬುದೇ ಹೊಸ ಬೈಗುಳವಾಯಿತು. ಮಕ್ಕಳು ಕೈ ಸೊಟ್ಟ ಮಾಡಿ, ನಾಲಿಗೆ ಹೊರಳಿಸಿ, ಅವರ ಸದ್ದನ್ನು ಅನುಕರಿಸಿ ಒಬ್ಬರನ್ನೊಬ್ಬರು ಅಣಕಿಸಿದರು. ಅದೇ ವರ್ಷ ಡೀಕನ್ ತೀರಿಕೊಂಡರು. ನಾಲ್ಕು ಮಂದಿ ಸೇರಿ ಅಕ್ಷರ ಅಕ್ಷರವಾಗಿ ಕಟ್ಟಿದ ಒಂದು ಬದುಕಿನ ಕತೆಯಿಂದ ಒಂದು ಇಡೀ ತಲೆಮಾರಿನ ಮಕ್ಕಳು ಎತ್ತಿಕೊಂಡದ್ದು ಹೆಸರನ್ನು ಮಾತ್ರ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದೇ 1981ರಲ್ಲಿ, ಬಾಲ್ಯದಲ್ಲಿ ಪೋಲಿಯೊ ತಗಲಿದ್ದ ಇಂಗ್ಲಿಷ್ ಗಾಯಕ ಇಯಾನ್ ಡ್ಯೂರಿ ಆ ವರ್ಷಾಚರಣೆಯ ಮರುಕದ ಧಾಟಿಗೆ ಸಿಟ್ಟಾಗಿ, ಈ ಪದವನ್ನೇ ತನ್ನ ಹೆಸರಾಗಿ ಕೂಗಿಕೊಳ್ಳುವ ಹಾಡೊಂದನ್ನು ಬರೆದರು. ಬಿಬಿಸಿ ಅದರ ಪ್ರಸಾರಕ್ಕೆ ತಡೆಯೊಡ್ಡಿತು. 31 ವರ್ಷಗಳ ನಂತರ, ಡ್ಯೂರಿ ತೀರಿಹೋಗಿ ಎಷ್ಟೋ ಕಾಲವಾದ ಮೇಲೆ, 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ ಅಂಗವಿಕಲ ಕಲಾವಿದರೇ ಅದನ್ನು ಹಾಡಿದರು. ಪೋಲಿಯೊದಲ್ಲಿ ಸ್ನಾಯು ಬಿಗಿಯುವುದಿಲ್ಲ, ಸಡಿಲವಾಗುತ್ತದೆ; ಆದ್ದರಿಂದ ವೈದ್ಯಕೀಯವಾಗಿ ಆ ಪದ ಡ್ಯೂರಿಯವರಿಗೆ ಹೊಂದುವುದೇ ಇಲ್ಲ. ಆ ಹೊತ್ತಿಗೆ ಅದು ವೈದ್ಯರ ಕೈತಪ್ಪಿ ಎಷ್ಟು ದೂರ ಹೋಗಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ. ಅವಮಾನ ಉಂಡವರು ಅದೇ ಪದವನ್ನು ಎದೆತಟ್ಟಿ ಹೇಳಿಕೊಳ್ಳುವುದು ಅವರ ಹಕ್ಕು. ಆ ಹಕ್ಕು ನನಗಿಲ್ಲ, ಕ್ಷಮಿಸಿ, ತಾಯಿಯಾದ ನಿಮಗೂ ಇಲ್ಲ. ಮುಂದೆಂದಾದರೂ ಬೇಕೆನಿಸಿದರೆ ಅದು ನಿಮ್ಮ ಮಗನದು.

ಕೊನೆಗೆ 1994ರಲ್ಲಿ ಬ್ರಿಟನ್ನಿನ ಆ ಸ್ಪಾಸ್ಟಿಕ್ಸ್ ಸೊಸೈಟಿಯೇ ತನ್ನ ಹೆಸರನ್ನು ಕೈಬಿಟ್ಟು ‘ಸ್ಕೋಪ್’ ಎಂದು ಬದಲಿಸಿಕೊಂಡಿತು. ನಾಲ್ಕು ದಶಕಗಳ ಪರಿಚಯದ ಹೆಸರನ್ನು ಬಿಡುವುದು ಸಣ್ಣ ಮಾತಲ್ಲ, ಆದರೂ ಬೋರ್ಡನ್ನು ದಾಟಿ ಒಳಗೆ ಬರಲು ಜನ ಮುಜುಗರಪಡುವ ಹೆಸರನ್ನು ಇಟ್ಟುಕೊಂಡು ಅದೇ ಜನರ ಸೇವೆ ಮಾಡುವುದು ಸಾಧ್ಯವಿರಲಿಲ್ಲ. ಹೆಸರು ಬದಲಾದ ಮೇಲೆ ಕೆಲವು ಶಾಲೆಗಳಲ್ಲಿ ಮಕ್ಕಳು ‘ಸ್ಕೋಪರ್’ ಎಂಬ ಹೊಸ ಬೈಗುಳವನ್ನೇ ಹುಟ್ಟಿಸಿಕೊಂಡರು ಎಂಬ ಮಾತೂ ಇದೆ. ಇದನ್ನು ಮುಂದಿಟ್ಟುಕೊಂಡು, ಹೆಸರು ಬದಲಿಸಿ ಪ್ರಯೋಜನವಿಲ್ಲ ಎನ್ನುವವರಿದ್ದಾರೆ. ನಾನು ಆ ವಾದವನ್ನು ಒಪ್ಪುವುದಿಲ್ಲ. ಮನೆಯ ನೆಲ ಮತ್ತೆ ಧೂಳಾಗುತ್ತದೆ ಎಂದು ಯಾರೂ ಕಸ ಗುಡಿಸುವುದನ್ನು ಬಿಡುವುದಿಲ್ಲ. ಅಲ್ಲದೆ ಹೊಸ ಬೈಗುಳ ಎಲ್ಲೂ ಗಟ್ಟಿಯಾಗಿ ಬೇರೂರಲಿಲ್ಲ, ಹಳೆಯದು ಮಾತ್ರ ಇಂದಿಗೂ ಚುಚ್ಚುತ್ತದೆ. 2003ರಲ್ಲಿ ಬಿಬಿಸಿಯ ಅಂಗವಿಕಲರ ವಿಭಾಗ ನಡೆಸಿದ ಮತಸಂಗ್ರಹದಲ್ಲಿ ಅತಿ ಹೆಚ್ಚು ನೋಯಿಸುವ ಪದಗಳ ಸಾಲಿನಲ್ಲಿ ‘ರಿಟಾರ್ಡ್’ ಮೊದಲನೆಯದಾದರೆ ‘ಸ್ಪಾಸ್ಟಿಕ್’ ಎರಡನೆಯದು. ನಿಮ್ಮ ಅಣ್ಣ ಬೆಚ್ಚಿಬಿದ್ದದ್ದು ಇದರಿಂದಲೇ.

ಅಮೆರಿಕದಲ್ಲಿ ಇದಕ್ಕೆ ಅಷ್ಟು ಕಾವಿಲ್ಲ. ಅಲ್ಲಿ ‘ಸ್ಪಾಝ್’ ಎಂದರೆ ಎಡಬಿಡಂಗಿ, ಹಿಡಿತ ತಪ್ಪಿ ಆಡುವವನು ಎಂಬಷ್ಟೇ ಅರ್ಥದಲ್ಲಿ ಬಹಳ ಜನ ಬಳಸುತ್ತ ಬಂದಿದ್ದಾರೆ. 2006ರಲ್ಲಿ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ತಮ್ಮ ಕೆಟ್ಟ ಆಟವನ್ನು ವರ್ಣಿಸುತ್ತ ತಮ್ಮನ್ನೇ ಹಾಗೆ ಕರೆದುಕೊಂಡಾಗ ಅಮೆರಿಕದಲ್ಲಿ ಹೆಚ್ಚಿನವರು ಗಮನಿಸಲೂ ಇಲ್ಲ, ಬ್ರಿಟನ್ನಿನ ಪತ್ರಿಕೆಗಳು ಕೆರಳಿದವು, ವುಡ್ಸ್ ಕ್ಷಮೆ ಕೇಳಿದರು. 2022ರಲ್ಲಿ ಅಮೆರಿಕದ ಗಾಯಕಿ ಲಿಝೋ ಅವರ ಹಾಡೊಂದರಲ್ಲಿ ಆ ಪದ ಬಂದಾಗ ಸೆರೆಬ್ರಲ್ ಪಾಲ್ಸಿ ಇರುವ ಆಸ್ಟ್ರೇಲಿಯಾದ ಲೇಖಕಿ ಹ್ಯಾನಾ ಡಿವೈನಿ, ಅದು ತನ್ನ ಕಾಲುಗಳ ನಿತ್ಯದ ನೋವಿನ ಹೆಸರು ಎಂದು ಸಾರ್ವಜನಿಕವಾಗಿ ತಿಳಿಹೇಳಿದರು. ಕೆಲವೇ ದಿನಗಳಲ್ಲಿ ಲಿಝೋ ಸಾಲನ್ನು ಬದಲಿಸಿ ಮತ್ತೆ ಹಾಡಿದರು. ಮುಂದೆ ಗಾಯಕಿ ಬಿಯೋನ್ಸೆ ಕೂಡ ಅದನ್ನೇ ಮಾಡಬೇಕಾಯಿತು.

ನಮ್ಮ ದೇಶದ ಬೋರ್ಡುಗಳ ವಿಷಯಕ್ಕೆ ಬರುತ್ತೇನೆ. ಬ್ರಿಟನ್ನಿನಲ್ಲಿ ಆ ಪದಕ್ಕೆ ಇನ್ನೂ ಸಂಸ್ಥೆಯ ಗೌರವವಿದ್ದ ಕಾಲದಲ್ಲಿ ಅದು ನಮ್ಮಲ್ಲಿಗೆ ಬಂತು. ಮಗಳು ಮಾಲಿನಿಗೆ ಸೆರೆಬ್ರಲ್ ಪಾಲ್ಸಿ ಇದ್ದ ಮಿಥು ಅಲೂರ್ ಅವರು 1972ರಲ್ಲಿ ಮುಂಬೈಯಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಶುರುಮಾಡಿದರು. ನಟಿ ನರ್ಗಿಸ್ ಅದರ ಪೋಷಕರಾಗಿ ನಿಂತರು. ಅದೇ ಹೆಸರಿನ ಮಾದರಿಯಲ್ಲಿ ಕೋಲ್ಕತ್ತ, ದೆಹಲಿ, ಚೆನ್ನೈ, ಬೆಂಗಳೂರುಗಳಲ್ಲಿ ಸಂಸ್ಥೆಗಳು ಎದ್ದವು. ಬೆಂಗಳೂರಿನ ಇಂದಿರಾನಗರದಲ್ಲಿ ನೀವು ಕಂಡಿರುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಆ ಸಾಲಿಗೆ ಸೇರಿದ್ದು. ಕೆಲವು ಸಂಸ್ಥೆಗಳು ನಂತರ ಹೆಸರು ಬದಲಿಸಿಕೊಂಡವು: ಮುಂಬೈಯದು ಈಗ ‘ಅಡಾಪ್ಟ್’, ದೆಹಲಿಯದು ‘ಆದಿ’, ಕೋಲ್ಕತ್ತದ್ದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೆರೆಬ್ರಲ್ ಪಾಲ್ಸಿ, ಚೆನ್ನೈಯದೊಂದು ‘ವಿದ್ಯಾಸಾಗರ್’. ಉಳಿದವು ಹಳೆಯ ಹೆಸರಿನಲ್ಲೇ ಮುಂದುವರಿದಿವೆ. ಬೋರ್ಡಿನ ಮೇಲಿನ ಪದವನ್ನು ಕಂಡು ಸಂಸ್ಥೆಯನ್ನೇ ಅಳೆಯುವುದು ಅನ್ಯಾಯ. ಎಷ್ಟೋ ತಾಯಂದಿರಿಗೆ, ನಿಮ್ಮ ಮಗು ಕಲಿಯಬಲ್ಲದು ಎಂದು ಮೊದಲು ಹೇಳಿದವರು ಆ ಬೋರ್ಡಿನ ಕೆಳಗೆ ಕುಳಿತವರೇ. ಅದಲ್ಲದೆ ಕನ್ನಡ ಬೀದಿಗಳಲ್ಲಿ ಈ ಪದ ಬೈಗುಳವಾಗಿ ಇಳಿದಿಲ್ಲದ ಕಾರಣ ಇಲ್ಲಿನವರಿಗೆ ಅದರ ಮುಳ್ಳು ತಾಗಿರಲಿಲ್ಲ. ಆದರೆ ಈಗ ನಮ್ಮ ಮಕ್ಕಳೂ ಬೆಳೆಯುವುದು ಅದೇ ಇಂಗ್ಲಿಷನ್ನು ಕೇಳುತ್ತಲೇ. ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು, ಸಿನಿಮಾಗಳಲ್ಲಿ ಅಂಗವಿಕಲರನ್ನು ತೋರಿಸುವ ಬಗೆಯ ಕುರಿತು ಕೊಟ್ಟ ತೀರ್ಪಿನಲ್ಲಿ, ‘ಕ್ರಿಪಲ್’ ಮತ್ತು ‘ಸ್ಪಾಸ್ಟಿಕ್’ ಎಂಬ ಎರಡು ಪದಗಳನ್ನು ಹೆಸರಿಸಿಯೇ, ಸಮಾಜದ ಕಣ್ಣಿನಲ್ಲಿ ಅವು ಬೆಲೆಗೆಟ್ಟ ಅರ್ಥವನ್ನು ಪಡೆದಿವೆ ಎಂದು ಹೇಳಿದೆ. ಸಂಸ್ಥೆಗಳ ಹೆಸರಿನಿಂದಲೂ ಆ ಪದ ಹೋಗುವುದು ಒಳ್ಳೆಯದೆಂದು ನಾನು ನಂಬುತ್ತೇನೆ. ಅದನ್ನು ನಿರ್ಧರಿಸುವ ಸಭೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವವರೇ ಹೆಚ್ಚಿಗೆ ಇರಬೇಕು.

ಪದವೊಂದು ಹೀಗೆ ಜಾರುವುದನ್ನು ಅರಿಯಲು ಕನ್ನಡಿಗರು ಇಂಗ್ಲೆಂಡಿಗೆ ಹೋಗಬೇಕಿಲ್ಲ. ‘ಮೆಂಟಲ್’ ಎಂಬುದನ್ನು ನೋಡಿ. ಮನಸ್ಸಿಗೆ ಸಂಬಂಧಿಸಿದ ಎಂಬರ್ಥದ ಆ ವಿಶೇಷಣ ಆಸ್ಪತ್ರೆಯ ಬೋರ್ಡಿನಿಂದ ನಮ್ಮ ಬೀದಿಗೆ ಬಂದು, ‘ಅವನೊಬ್ಬ ಮೆಂಟಲ್’ ಎಂಬ ನಾಮಪದವಾಗಿ ಕೂತಿದೆ. ‘ಸ್ಪಾಸ್ಟಿಕ್’ ಬ್ರಿಟಿಷ್ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಯಾರಾದರೂ ಕೇಳಿದರೆ, ‘ಮೆಂಟಲ್ ಮಗು’ ಎಂದರೆ ನಮಗೆ ಹೇಗೆ ಕೇಳಿಸುತ್ತದೋ ಹಾಗೆ ಎಂದು ಉತ್ತರಿಸಬಹುದು.

ಕನ್ನಡದ ಸ್ವಂತ ಪದಗಳಲ್ಲಂತೂ ಈ ಜಾರುವಿಕೆ ಒಂದೇ ಒಂದು ಸ್ವರದಲ್ಲಿ ನಡೆದುಹೋಗುತ್ತದೆ. ಕುಂಟು ಎಂಬುದು ನಡಿಗೆಯ ಸ್ಥಿತಿ, ಕುಂಟ ಎಂದರೆ ಮನುಷ್ಯ. ಕುರುಡು, ಕುರುಡ. ಕಿವುಡು, ಕಿವುಡ. ಗೂನು, ಗೂನ. ಕೊನೆಯ ಉಕಾರ ಅಕಾರವಾದ ಕ್ಷಣಕ್ಕೆ ಮೈಯ ಒಂದು ಮೂಲೆಯಲ್ಲಿದ್ದ ಕೊರತೆ ಇಡೀ ಮನುಷ್ಯನನ್ನು ನುಂಗಿಬಿಡುತ್ತದೆ. ಊರಿನಲ್ಲಿ ಅವನ ಹೆಸರೇ ಮರೆತುಹೋಗಿ ‘ಕುಂಟ’ ಉಳಿಯುತ್ತದೆ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆ ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ, ನಿಮ್ಮ ಮಗನ ಎದುರಿಗೇ ಯಾರಾದರೂ ಹಿರಿಯರು ಅದನ್ನು ಹೇಳಿರಲೂಬಹುದು. ಹಾಗೆಂದು ಎಲ್ಲ ಹಳೆಯ ಪದಗಳೂ ಒಂದೇ ದಾರಿ ಹಿಡಿಯುತ್ತವೆ ಎನ್ನಲಾಗದು: ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ಮನೆತನಗಳ ವಂಶಾವಳಿ ಹೇಳುವವರು ಹೆಳವರು, ಹೆಳವ ಎಂಬುದಕ್ಕೆ ಕಾಲಿಲ್ಲದವನು ಎಂದೇ ಅರ್ಥವಿದ್ದರೂ, ಅವರು ಬಂದಾಗ ಜನ ಕಾಳು ಕೊಟ್ಟು, ಕೂರಿಸಿ, ತಮ್ಮ ತಾತ ಮುತ್ತಾತಂದಿರ ಹೆಸರು ಕೇಳುತ್ತಾರೆ. ಅಲ್ಲಿ ಆ ಹೆಸರಿನ ಹಿಂದೆ ಜನಕ್ಕೆ ಬೇಕಾದ ಒಂದು ವಿದ್ಯೆ ಇತ್ತು.

ಸರ್ಕಾರದ ಕಡತಗಳಲ್ಲಿ ‘ಅಂಗವಿಕಲ’ ಹೋಗಿ ‘ವಿಕಲಚೇತನ’ ಬಂದಿದೆ, ಕೇಂದ್ರದ ಬಳಕೆಯಿಂದ ‘ದಿವ್ಯಾಂಗ’ವೂ ಬಂದಿದೆ. ‘ವಿಕಲಚೇತನ’ ನನಗೆ ಒಗ್ಗಿಲ್ಲ. ಬಿಡಿಸಿ ಓದಿದರೆ ಚೇತನವೇ ಊನವಾದವನು ಎಂದಾಗುತ್ತದೆ; ನಿಮ್ಮ ಮಗನ ಕಾಲಿನಲ್ಲಿ ಬಿಗಿತವಿದೆ, ಚೇತನಕ್ಕೇನಾಗಿದೆ? ಆದರೂ ಅರ್ಜಿಗಳಲ್ಲಿ, ಪಿಂಚಣಿಯಲ್ಲಿ, ಬಸ್ ಪಾಸಿನಲ್ಲಿ ಅದೇ ಪದ ಇರುವುದರಿಂದ ಅಲ್ಲಿ ಅದನ್ನೇ ಬರೆಯಿರಿ. ಜಗಳ ಕಾಯುವ ಜಾಗ ಅದಲ್ಲ.

ನೀವು ಮನೆಯಲ್ಲಿ, ನೆಂಟರಲ್ಲಿ ಏನು ಹೇಳಬೇಕು ಎಂಬುದಕ್ಕೆ ನನ್ನ ಸಲಹೆ ಇದು. ಸ್ಥಿತಿಯ ಹೆಸರು ‘ಸೆರೆಬ್ರಲ್ ಪಾಲ್ಸಿ’. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಅದೇ ಇದೆ. ಕನ್ನಡದ ಕೆಲವು ಪುಸ್ತಕಗಳಲ್ಲಿ ‘ಮಿದುಳಿನ ಪಾರ್ಶ್ವವಾಯು’ ಎಂದಿದೆ, ಆದರೆ ಅದನ್ನು ಕೇಳಿದವರು ವಯಸ್ಸಾದವರಿಗೆ ಹೊಡೆಯುವ ಲಕ್ವವೆಂದು ತಿಳಿದು, ಎಣ್ಣೆ, ನಾಟಿ ಔಷಧ ಎಂದು ನೂರು ಉಪಾಯ ಹೇಳುತ್ತಾರೆ. ಕಾಲಿನ ಸ್ಥಿತಿಗೆ ‘ಬಿಗಿತ’ ಅಥವಾ ‘ಸೆಡೆತ’ ಎನ್ನಿ, ಅಜ್ಜಿಗೂ ಅರ್ಥವಾಗುತ್ತದೆ. ‘ಸ್ಪಾಸ್ಟಿಕ್’ ಎಂಬುದನ್ನು ಫೈಲಿನಲ್ಲಿ ಹಾಗೆಯೇ ಬಿಡಿ. ಬಿಗಿತ ಸಡಿಲಿಸುವ ಬೋಟಾಕ್ಸ್ ಚುಚ್ಚುಮದ್ದು ಬೇಕೇ, ಬ್ಯಾಕ್ಲೊಫೆನ್ ಮಾತ್ರೆ ಬೇಕೇ, ಸ್ಪ್ಲಿಂಟ್ ಬದಲಿಸಬೇಕೇ ಎಂದು ತೀರ್ಮಾನಿಸುವ ವೈದ್ಯರಿಗೆ ಆ ಪದ ಬೇಕೇ ಬೇಕು, ಏಕೆಂದರೆ ಸೆರೆಬ್ರಲ್ ಪಾಲ್ಸಿಯ ಎಲ್ಲ ಬಗೆಗಳಲ್ಲೂ ಬಿಗಿತ ಇರುವುದಿಲ್ಲ. ಕೆಲವರಲ್ಲಿ ಕೈಕಾಲು ತಾವಾಗಿ ಹೊರಳಾಡುತ್ತವೆ, ಕೆಲವರಲ್ಲಿ ಸಮತೋಲ ತಪ್ಪುತ್ತದೆ, ಅವುಗಳ ಚಿಕಿತ್ಸೆಯೇ ಬೇರೆ. ಥೆರಪಿ ಕೇಂದ್ರಗಳಲ್ಲಿ ಸೆರೆಬ್ರಲ್ ಪಾಲ್ಸಿಯನ್ನು ಮೊಟಕು ಮಾಡಿ ನಾವೇ ‘ಸಿಪಿ ಮಗು ಬಂತು’ ಎನ್ನುವುದುಂಟು. ಅದೂ ಅದೇ ಜಾರುವಿಕೆ. ಎಷ್ಟೋ ವರ್ಷ ನಾನೂ ಹಾಗೆ ಅಂದಿದ್ದೇನೆ, ಒಬ್ಬ ಹುಡುಗಿ, ‘ಮೇಡಂ, ನನ್ನ ಹೆಸರು ನಿಮಗೆ ಗೊತ್ತಿದೆಯಲ್ಲ?’ ಎಂದು ತೊದಲುತ್ತಲೇ ಕೇಳಿದ ದಿನ ನಿಲ್ಲಿಸಿದೆ.

ಶಾಲೆಯಲ್ಲಿ ಯಾರಾದರೂ ಮಗನನ್ನು ಅಣಕಿಸಿದರೆ ಏನು ಮಾಡುವುದು ಎಂಬ ಆತಂಕ ನಿಮಗೆ ಬಂದೇ ಬರುತ್ತದೆ. ಅಂಗವಿಕಲ ವ್ಯಕ್ತಿಯನ್ನು ಜನರೆದುರು ಬೇಕೆಂದೇ ಅವಮಾನಿಸುವುದು ಆ 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ದೊಡ್ಡವರ ವಿಷಯದಲ್ಲಿ ಇದನ್ನು ತಿಳಿದಿರಿ. ಒಂಬತ್ತು ವರ್ಷದ ಸಹಪಾಠಿಗಳಿಗೆ ಮಾತ್ರ ಕಾನೂನಿಗಿಂತ ಪಾದವನ್ನು ತೋರಿಸುವುದು ಒಳ್ಳೆಯದು. ಮಗ ಒಪ್ಪಿದರೆ, ಒಂದು ದಿನ ತರಗತಿಗೆ ಹೋ​ಗಿ, ಸೀಟ್ ಬೆಲ್ಟಿನ ಹೋಲಿಕೆ ಕೊಟ್ಟು, ಸ್ಪ್ಲಿಂಟನ್ನು ಮಕ್ಕಳ ಕೈಗೇ ಕೊಟ್ಟು ನೋಡಲು ಹೇಳಿ. ನಾನು ಹಾಗೆ ಮಾಡಿದ ತರಗತಿಗಳಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳು ದೊಡ್ಡವರ ಪ್ರಶ್ನೆಗಳಿಗಿಂತ ಎಷ್ಟೋ ಮೇಲು: ರಾತ್ರಿ ಮಲಗಿದಾಗಲೂ ಕಾಲು ಬಿಗಿದೇ ಇರುತ್ತದೆಯೇ, ನೋಯುತ್ತದೆಯೇ, ಸೈಕಲ್ ಕಲಿಯಬಹುದೇ.

ಫಾರಂನಲ್ಲಿ ಏನು ಬರೆಯಲಿ ಎಂದು ಕೇಳಿದ್ದೀರಿ. ನಿಮ್ಮ ಪತ್ರದಿಂದ ತಿಳಿದಷ್ಟನ್ನು ಇಟ್ಟುಕೊಂಡು ಒಂದು ಕರಡು ಕೊಡುತ್ತಿದ್ದೇನೆ. ಮೊದಲು ಮಗನಿಗೆ ಓದಿ ಹೇಳಿ, ಅವನು ತಿದ್ದಿದರೆ ತಿದ್ದಿಕೊಳ್ಳಿ. “ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಎರಡೂ ಕಾಲುಗಳ ಸ್ನಾಯುಗಳಲ್ಲಿ ಬಿಗಿತವಿರುವುದರಿಂದ ಅವನು ವಾಕರ್ ಹಿಡಿದು ನಡೆಯುತ್ತಾನೆ, ಮೆಟ್ಟಿಲಿಗೆ ಕಂಬಿ ಬೇಕು, ಆದ್ದರಿಂದ ತರಗತಿ ಕೆಳಮಹಡಿಯಲ್ಲಿರಲಿ. ಬಹಳ ಹೊತ್ತು ನೆಲದ ಮೇಲೆ ಕೂರಿಸಬೇಡಿ. ಇದ್ದಕ್ಕಿದ್ದಂತೆ ಜೋರಾಗಿ ಕೂಗಿದರೆ ಬಿಗಿತ ಹೆಚ್ಚಾಗಿ ಬೀಳಬಹುದು, ಹೆಸರು ಹಿಡಿದು ಮೆಲ್ಲಗೆ ಕರೆಯಿರಿ. ಬರೆಯಲು ಉಳಿದವರಿಗಿಂತ ಸ್ವಲ್ಪ ಹೆಚ್ಚು ಸಮಯ ಕೊಡಿ. ಏನು ಬೇಕೆಂದು ಅವನನ್ನೇ ಕೇಳಿ, ಅವನು ಹೇಳುತ್ತಾನೆ.”